ನಾಲ್ಕನೇ ಜ್ವರ ಎದ್ದಿಲ್ಲ

ಆ ಔಷಧಿಯ ಶೀಶೆ ಬೆಂಗಳೂರಿನಿಂದ ಬಂದ ದಿನ ನಾನು ಅದನ್ನು ಮೊದಲು ಮೇಜಿನ ಅಂಚಿನಲ್ಲಿಟ್ಟೆ. ಬಿದ್ದುಹೋದೀತೆಂದು ನಡುವಿಗೆ ಸರಿಸಿದೆ. ಅಲ್ಲಿಯೂ ಬೇಡವೆನಿಸಿ ಬೀರುವಿನೊಳಗಿಟ್ಟು ಬೀಗ ಹಾಕಿದೆ. ಹೆಬ್ಬೆರಳಿನಷ್ಟು ಶೀಶೆ, ತಳದಲ್ಲಿ ಒಂದಿಷ್ಟು ಬಿಳಿ ಪುಡಿ. ಅಷ್ಟಕ್ಕೇ ಹೆದರಿದೆ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ರಕ್ತನಾಳಕ್ಕೆ ಕೊಟ್ಟರೆ ಔಷಧಿ, ಅಪ್ಪಿತಪ್ಪಿ ಬೆನ್ನುಹುರಿಯ ನೀರಿಗೆ ಹೋದರೆ ಸಾವು ಎಂದು ಜೊತೆಗಿದ್ದ ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು. ನಮ್ಮದು ಶಿಡ್ಲಘಟ್ಟದ ಹತ್ತು ಹಾಸಿಗೆಯ ನರ್ಸಿಂಗ್ ಹೋಮ್. ಹೆರಿಗೆ, ಹಾವು ಕಡಿತ, ವಾಂತಿಭೇದಿ, ಸಕ್ಕರೆ ಕಾಯಿಲೆ ನೋಡಿಕೊಂಡು ಹಾಯಾಗಿದ್ದ ಜಾಗ. ಚಿಕ್ಕಬಳ್ಳಾಪುರ ಆಗಷ್ಟೇ ಹೊಸ ಜಿಲ್ಲೆಯಾಗಿ, ಬೋರ್ಡುಗಳ ಮೇಲಿದ್ದ ಕೋಲಾರದ ಹೆಸರಿಗೆ ಬಣ್ಣ ಬಳಿಯುತ್ತಿದ್ದ ಕಾಲ. ನಾನು ಗೌರಿಬಿದನೂರು ಬಿಟ್ಟು ಶಿಡ್ಲಘಟ್ಟಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ.

ಔಷಧಿ ಬಂದದ್ದು ದಿಬ್ಬೂರಹಳ್ಳಿಯಿಂದಾಚೆಯ ಒಂದು ಊರಿನ ಹೆಂಗಸಿಗಾಗಿ. ಐವತ್ತರ ಆಸುಪಾಸು. ಗಂಡ ಹೆಂಡತಿ ಇಬ್ಬರೇ ಹಿಪ್ಪುನೇರಳೆ ತೋಟ, ರೇಷ್ಮೆ ಹುಳದ ಮನೆ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದರು. ಬೆನ್ನುನೋವೆಂದು ಆಕೆ ನನ್ನ ಬಳಿ ಬಂದಿದ್ದರು. ಸೊಪ್ಪಿನ ಹೊರೆ ಹೊತ್ತು ಹೊತ್ತು ಹಾಗಾಗಿದೆ ಎಂದು ಊರೆಲ್ಲ ಹೇಳಿತ್ತಂತೆ. ರಕ್ತ ಪರೀಕ್ಷೆ, ಎಕ್ಸ್‌ರೇ ಮಾಡಿಸಿದರೆ ರಕ್ತ ಕಡಿಮೆ, ಮೂತ್ರಪಿಂಡ ಸೋಲುತ್ತಿದೆ, ಬೆನ್ನಿನ ಒಂದು ಮೂಳೆ ಕುಸಿದಿದೆ. ಬೆಂಗಳೂರಿಗೆ ಕಳಿಸಿದೆ. ಮೂಳೆಯ ಮಜ್ಜೆಯ ಕ್ಯಾನ್ಸರ್, ಮಲ್ಟಿಪಲ್ ಮೈಲೋಮಾ ಎಂದರು. ಹಳೆಯ ಮಾತ್ರೆಗಳು ನಾಟಲಿಲ್ಲ. ಉಳಿದದ್ದು ಈ ಹೊಸ ಔಷಧಿ ಒಂದೇ. ಅದನ್ನು ವಾರಕ್ಕೆ ಎರಡು ಸಲ ಕೊಡಬೇಕು. ಕುಸಿದ ಬೆನ್ನುಮೂಳೆ ಹೊತ್ತು ವಾರಕ್ಕೆರಡು ಸಲ ಬೆಂಗಳೂರಿನ ಬಸ್ಸು ಹತ್ತುವುದು ಆ ಹೆಂಗಸಿನಿಂದ ಆಗುವ ಮಾತಾಗಿರಲಿಲ್ಲ.

ಅಲ್ಲಿನ ಕ್ಯಾನ್ಸರ್ ತಜ್ಞರು ನನಗೆ ಫೋನ್ ಮಾಡಿದರು. "ಕೊಡುವ ಕೆಲಸ ನಾಲ್ಕೈದು ಸೆಕೆಂಡಿನದು. ನೀವೇ ಕೊಟ್ಟುಬಿಡಿ," ಎಂದರು.

"ಆ ನಾಲ್ಕೈದು ಸೆಕೆಂಡ್ ಸರಿ ಸರ್. ಉಳಿದ ಹೊತ್ತಿಗೆ ಯಾರು?" ಎಂದೆ.

"ಅದಕ್ಕೂ ನೀವೇ," ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಔಷಧಿ ಏನು ಮಾಡುತ್ತದೆಂದು ತಿಳಿಯದೆ ಸೂಜಿ ಹಿಡಿಯುವವಳಲ್ಲ ನಾನು. ಕೂತು ಓದಿದೆ. ನಮ್ಮ ದೇಹದ ಪ್ರತಿ ಜೀವಕೋಶವೂ ಹಗಲಿರುಳು ಪ್ರೋಟೀನು ಕಟ್ಟುತ್ತಲೇ ಇರುತ್ತದೆ. ಕಟ್ಟಿದ್ದರಲ್ಲಿ ಕೆಲವು ಸೊಟ್ಟಗಿರುತ್ತವೆ, ಕೆಲವು ಹಳತಾಗುತ್ತವೆ, ಕೆಲವಕ್ಕೆ ಕೆಲಸ ಮುಗಿದಿರುತ್ತದೆ. ಯಾವುದನ್ನು ಒಡೆಯಬೇಕೋ ಅದಕ್ಕೆ ಕೋಶ ಒಂದು ಗುರುತು ಹಚ್ಚುತ್ತದೆ. ಗುರುತೂ ಒಂದು ಪುಟ್ಟ ಪ್ರೋಟೀನೇ, ಹೆಸರು ಯುಬಿಕ್ವಿಟಿನ್. ಒಂದು ಕಿಣ್ವ ಅದನ್ನು ಸಿದ್ಧಮಾಡುತ್ತದೆ, ಇನ್ನೊಂದು ಹೊತ್ತು ತರುತ್ತದೆ, ಮೂರನೆಯದು ಇಂಥದ್ದಕ್ಕೇ ಎಂದು ಆರಿಸಿ ಅಂಟಿಸುತ್ತದೆ. ಒಂದು ಗುರುತು ಸಾಲದು, ಒಂದರ ಬಾಲಕ್ಕೆ ಇನ್ನೊಂದು ಸೇರಿ ಸರಪಳಿಯಾಗಬೇಕು. ಆಗ ಪ್ರೋಟಿಯಾಸೋಮ್ ಎಂಬ ಪೀಪಾಯಿ ಆಕಾರದ ಯಂತ್ರ ಅದನ್ನು ಹಿಡಿಯುತ್ತದೆ. ಗುರುತನ್ನು ಕಳಚಿ ಮತ್ತೆ ಬಳಸಲು ಬಿಡುತ್ತದೆ, ಪ್ರೋಟೀನನ್ನು ರೇಷ್ಮೆ ಗೂಡಿನ ನೂಲು ಬಿಚ್ಚಿದಂತೆ ಬಿಚ್ಚಿ ಒಳಗೆಳೆದುಕೊಂಡು ಚೂರುಚೂರು ಮಾಡುತ್ತದೆ.

ನಮ್ಮ ಔಷಧಿ ಆ ಪೀಪಾಯಿಯೊಳಗಿನ ಅಲಗಿನ ಮೇಲೆ ಹೋಗಿ ಕೂರುತ್ತದೆ. ಅದರಲ್ಲಿ ಬೋರಾನಿನ ಒಂದು ಪರಮಾಣು ಇದೆ, ಅಲಗನ್ನು ಕಚ್ಚಿ ಹಿಡಿಯುವುದು ಅದೇ. ಕತ್ತರಿಸುವ ಕೆಲಸ ನಿಂತುಬಿಡುತ್ತದೆ. ಗುರುತು ಹಚ್ಚುವ ಕೆಲಸ ಮಾತ್ರ ನಡೆದೇ ಇರುತ್ತದೆ. ಗುರುತು ಹೊತ್ತ ಪ್ರೋಟೀನುಗಳು ಕೋಶದೊಳಗೆ ರಾಶಿ ಬೀಳುತ್ತವೆ.

ಇದನ್ನು ರೋಗಿಗೆ ಹೇಳಬೇಕಲ್ಲ. ಗಂಡ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು, ಮನೆಯ ಕಸ ಹೊರಗೆ ಹಾಕದಿದ್ದರೆ ಏನಾಗುತ್ತದೆ ಎಂದು ಶುರುಮಾಡಿದೆ. ಆ ಹೆಂಗಸು ನನ್ನ ಮಾತು ಮುಗಿಯುವ ತನಕ ಕಾಯಲಿಲ್ಲ.

"ಹುಳದ ತಟ್ಟೇಲಿ ಹಿಕ್ಕೆ ತೆಗೀದಿದ್ರೆ ಆಗೋದೇ ಅದು. ಎರಡು ದಿನ ಬಿಟ್ರೆ ಬಿಸಿಯೆದ್ದು ಹುಳ ಕೊಳೀತವೆ."

"ಅದೇ ನೋಡಿ ಅಮ್ಮ. ನಿಮ್ಮ ಕ್ಯಾನ್ಸರ್ ಕೋಶ ಹಗಲೂ ರಾತ್ರಿ ಒಂದೇ ಥರದ ಪ್ರೋಟೀನು ಮಾಡ್ತಾ ಕೂತಿದೆ. ಕಸವೂ ಅದಕ್ಕೇ ಜಾಸ್ತಿ. ತೆಗೆಯೋದು ನಿಲ್ಲಿಸಿದ್ರೆ ಅದೇ ಮೊದಲು ಸಾಯುತ್ತೆ."

"ತಟ್ಟೇಲಿ ಒಳ್ಳೆ ಹುಳನೂ ಇರ್ತವಲ್ಲ ಡಾಕ್ಟ್ರಮ್ಮ. ಅವುಗಳ ಗತಿ?"

ನನ್ನನ್ನು ಹೆದರಿಸುತ್ತಿದ್ದ ಪ್ರಶ್ನೆಯೂ ಅದೇ. ಒಳ್ಳೆಯ ಕೋಶ ಕಡಿಮೆ ಕಸ ಮಾಡುತ್ತದೆ, ಸ್ವಲ್ಪ ಕಾಲ ತಡೆದುಕೊಳ್ಳುತ್ತದೆ, ಮೂರು ದಿನದಲ್ಲಿ ಔಷಧಿಯ ಹಿಡಿತ ಸಡಿಲವಾಗುತ್ತದೆ, ಅದಕ್ಕೇ ಎರಡು ಇಂಜೆಕ್ಷನ್‌ಗಳ ನಡುವೆ ಬಿಡುವು ಎಂದೆ. ರಕ್ತದ ಕಣಗಳು ಕಡಿಮೆಯಾಗಬಹುದು, ಕೈಕಾಲಿನ ನರಗಳು ಮಂಕಾಗಬಹುದು ಎಂದೂ ಹೇಳಿದೆ. ಜೋಮು, ಉರಿ, ಮರಗಟ್ಟಿದ ಹಾಗೆ ಏನಾದರೂ ಆದರೆ ಮೊದಲು ನನಗೆ ಹೇಳಬೇಕು. ಜ್ವರ ಬಂದರಂತೂ ನಿಂತ ಕಾಲಲ್ಲೇ ಫೋನ್ ಮಾಡಬೇಕು, ಆ ಸ್ಥಿತಿಯಲ್ಲಿ ಜ್ವರವೆಂದರೆ ಪ್ರಾಣಕ್ಕೆ ಬಂದಂತೆ ಎಂದು ಒತ್ತಿ ಹೇಳಿದೆ.

"ಒಟ್ಟಲ್ಲಿ ಹಾವೂ ಸಾಯ್ಬೇಕು, ಕೋಲೂ ಮುರೀಬಾರದು," ಎಂದರು ಗಂಡ.

"ಕೋಲು ನಾನೇ ಅಲ್ವಾ," ಎಂದರು ಹೆಂಡತಿ.

ಮೊದಲ ಇಂಜೆಕ್ಷನ್ನಿನ ದಿನ ಕೈಗವಸು ಹಾಕಿಕೊಂಡು, ಎತ್ತರ ತೂಕದಿಂದ ಲೆಕ್ಕ ಹಾಕಿದ ಪ್ರಮಾಣವನ್ನು ಮತ್ತೆ ಮತ್ತೆ ಕೂಡಿ, ಸಿಸ್ಟರ್ ಕೈಯಲ್ಲೂ ಬೇರೆಯಾಗಿ ಲೆಕ್ಕ ಮಾಡಿಸಿದೆ. ಸಿಸ್ಟರ್ ಮಂಗಳೂರಿನ ಕಡೆಯವರು, ಚುರುಕಿನವರು, ಪುಸ್ತಕದ ಕನ್ನಡ ಮಾತಾಡುವವರು. ಪುಡಿಗೆ ಸಲೈನ್ ಬಿಟ್ಟು ಅಲುಗಾಡಿಸದೆ ಕಾದೆವು. ನೀರಿನಷ್ಟು ತಿಳಿಯಾಯಿತು. ಬೆಳಕಿಗೆ ಹಿಡಿದು ನೋಡಿದೆ. ಸಿರಿಂಜಿನ ಮೇಲೆ 'ರಕ್ತನಾಳಕ್ಕೆ ಮಾತ್ರ' ಎಂದು ಚೀಟಿ ಅಂಟಿಸಿದೆ, ಆ ಕೋಣೆಯಲ್ಲಿ ಬೆನ್ನಿಗೆ ಚುಚ್ಚುವ ಸೂಜಿ ಒಂದೂ ಇಲ್ಲದಿದ್ದರೂ. ತೂರಿಸಿದ ಸೂಜಿ ನಾಳದಲ್ಲೇ ಇದೆಯೆಂದು ರಕ್ತ ಎಳೆದು ನೋಡಿ, ಉಸಿರು ಬಿಗಿಹಿಡಿದು ಔಷಧಿ ತಳ್ಳಿದೆ. ಹಿಂದೆಯೇ ಸಲೈನ್. ಮುಗಿಯಿತು. ನಾನು ಹೊರಗೆ ಹೋಗಿ ಗೋಡೆಗೊರಗಿ ನಿಂತೆ.

ಎರಡನೆಯ ಸಲ ಇಂಜೆಕ್ಷನ್ ಆದ ಮೇಲೆ ಆಕೆ ಮಂಚದಿಂದಿಳಿದು ನಿಂತವರೇ ತಲೆಸುತ್ತಿ ಸಿಸ್ಟರ್ ತೋಳಿಗೆ ಬಿದ್ದರು. ರಕ್ತದೊತ್ತಡ ಇಳಿದಿತ್ತು. ಡ್ರಿಪ್ ಹಾಕಿ ಕಾಲು ಎತ್ತರಿಸಿ ಮಲಗಿಸಿದೆವು. ಅಂದಿನಿಂದ ಮಲಗಿಸಿ ಒಂದು ಸಲ, ನಿಲ್ಲಿಸಿ ಒಂದು ಸಲ ಒತ್ತಡ ನೋಡದೆ ನಾನು ಶೀಶೆ ಮುಟ್ಟಲಿಲ್ಲ. ಮುಂದೆ ಪ್ಲೇಟ್‌ಲೆಟ್ ಕುಸಿಯಿತು. ಇಂಜೆಕ್ಷನ್ ಮುಂದೂಡಿದೆ. ಮನೆಗೆ ಹೋದರೂ ನನ್ನ ತಲೆಯೊಳಗೆ ಆಕೆಯ ಪ್ಲೇಟ್‌ಲೆಟ್ಟೇ. ಹಲ್ಲುಜ್ಜುವಾಗ ರಕ್ತ ಬಂತೇ, ಮೈಮೇಲೆ ಕೆಂಪು ಚುಕ್ಕೆ ಬಂತೇ ಎಂದು ಫೋನ್ ಮಾಡಿ ಕೇಳಿ ಆ ಗಂಡನ ಜೀವ ತಿಂದೆ.

ನಾಲ್ಕು ಇಂಜೆಕ್ಷನ್‌ಗಳ ಮೊದಲ ಸುತ್ತು ಹೇಗೋ ಮುಗಿಯಿತು. ರಕ್ತವನ್ನು ಬೆಂಗಳೂರಿಗೆ ಕಳಿಸಿದ್ದೆವು. ಕ್ಯಾನ್ಸರ್ ಕೋಶಗಳು ಸುರಿಯುತ್ತಿದ್ದ ಪ್ರೋಟೀನು ಅರ್ಧಕ್ಕಿಳಿದಿದೆ ಎಂದು ವರದಿ ಬಂತು. ಮೂತ್ರಪಿಂಡವೂ ಚೇತರಿಸಿಕೊಳ್ಳುತ್ತಿತ್ತು. ಔಷಧಿ ನಾಟಿದೆ ಎಂದು ತಜ್ಞರು ಫೋನಿನಲ್ಲಿ ಹೇಳಿದಾಗ ನನ್ನ ಕಣ್ಣಲ್ಲಿ ನೀರು ಬಂತು. ಸಂತೋಷ ಬಹಳ ಹೊತ್ತು ಉಳಿಯಲಿಲ್ಲ. ಇಷ್ಟು ದಿನ ಔಷಧಿ ಕೊಟ್ಟರೆ ಏನಾಗುತ್ತದೋ ಎಂಬ ಹೆದರಿಕೆ ಇತ್ತು, ಈಗ ನಿಲ್ಲಿಸಬೇಕಾಗಿ ಬಂದರೆ ಏನಾಗುತ್ತದೋ ಎಂಬುದೂ ಸೇರಿಕೊಂಡಿತು.

ಪ್ರತಿ ಸಲವೂ ನರಗಳ ಪರೀಕ್ಷೆ ಮಾಡುತ್ತಿದ್ದೆ. ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಕಾಲ್ಬೆರಳು, ಅಂಗಾಲು, ಕೈಬೆರಳು ಮುಟ್ಟುವುದು. ಮುಟ್ಟಿದಾಗಲೆಲ್ಲ ಆಕೆ "ಗೊತ್ತಾಯ್ತು" ಎನ್ನುತ್ತಿದ್ದರು. ಜೋಮು ಇದೆಯಾ? ಇಲ್ಲ. ಉರಿ? ಇಲ್ಲ. ಸದ್ಯ, ಇದೊಂದಾದರೂ ಬರಲಿಲ್ಲ ಎಂದುಕೊಂಡೆ.

ಮಾಗಿ ಚಳಿಯಲ್ಲಿ ಎರಡನೆಯ ಸುತ್ತು ನಡೆಯುತ್ತಿತ್ತು. ಮಾರನೆಯ ದಿನ ಇಂಜೆಕ್ಷನ್ ಇದ್ದ ಒಂದು ಮಧ್ಯಾಹ್ನ, ನಾನು ಹೊರರೋಗಿಗಳನ್ನು ನೋಡುತ್ತಿದ್ದಾಗ ಸಿಸ್ಟರ್ ಬಾಗಿಲಿಗೆ ಬಂದರು. ಮುಖ ಬಿಳಿಚಿತ್ತು.

"ಡಾಕ್ಟ್ರೇ, ದಿಬ್ಬೂರಹಳ್ಳಿಯವರ ಗಂಡ ಫೋನ್ ಮಾಡಿದ್ದರು. ನಾಲ್ಕನೇ ಜ್ವರ ಅಂತೆ. ಇನ್ನೂ ಎದ್ದಿಲ್ಲ ಅಂತೆ. ನಾಳೆ ಬರಲಿಕ್ಕೆ ಆಗುವುದಿಲ್ಲ ಅಂದರು. ನಾನು ಕೇಳುವಷ್ಟರಲ್ಲಿ ಫೋನ್ ಕಟ್ ಆಯಿತು."

ನಾಲ್ಕನೇ ಜ್ವರವೆಂದರೆ, ಮೊದಲ ಮೂರು ಜ್ವರ ಬಂದುಹೋಗುವ ತನಕ ಇವರು ಬಾಯಿ ಬಿಟ್ಟಿಲ್ಲ. ಮೇಲೇಳಲು ಆಗುತ್ತಿಲ್ಲ ಎಂದರೆ ಸೋಂಕು ರಕ್ತಕ್ಕೆ ಹೋಗಿದೆ. ಫೋನ್ ಬಂದಿದ್ದ ನಂಬರಿಗೆ ತಿರುಗಿ ಮಾಡಿದೆ. ಅದು ಹಾಲಿನ ಡೇರಿಯ ಮುಂದಿನ ಒಂದು ರೂಪಾಯಿ ಫೋನ್ ಬಾಕ್ಸ್. ರಿಂಗಾಗುತ್ತಲೇ ಇತ್ತು, ಎತ್ತುವವರಿಲ್ಲ. ಗಂಡನ ಮೊಬೈಲ್ ಸ್ವಿಚ್ ಆಫ್. ಕಾದಿದ್ದ ರೋಗಿಗಳ ಕ್ಷಮೆ ಕೇಳಿ, ಆಂಟಿಬಯಾಟಿಕ್, ಡ್ರಿಪ್, ಆಕ್ಸಿಜನ್ ಎಲ್ಲವನ್ನೂ ನಮ್ಮ ಓಮ್ನಿ ವ್ಯಾನಿಗೆ ತುಂಬಿಸಿ, ಸಿಸ್ಟರನ್ನೂ ಹತ್ತಿಸಿಕೊಂಡು ಹೊರಟೆ.

ದಿಬ್ಬೂರಹಳ್ಳಿ ದಾಟಿದ ಮೇಲೆ ರಸ್ತೆಯೆಂಬುದು ಹೆಸರಿಗೆ ಮಾತ್ರ. ಡ್ರೈವರ್‌ಗೆ ಬೇಗ ಹೋಗಪ್ಪ ಎನ್ನುವುದು, ಗುಂಡಿಗೆ ಬಿದ್ದಾಗ ನಿಧಾನ ಕಣಪ್ಪ ಎಂದು ಬೈಯುವುದು, ಇದೇ ಆಯಿತು. ಆ ಮನೆಯ ಮುಂದೆ ಜನ ಸೇರಿರುತ್ತಾರೆ ಎಂದು ಕಣ್ಣಿಗೆ ಕಟ್ಟಿತ್ತು. ಏನು ಹೇಳಲಿ ಎಂದು ಮಾತು ಜೋಡಿಸಿಕೊಳ್ಳುತ್ತಿದ್ದೆ. ಒಂದೂ ಸರಿಹೋಗಲಿಲ್ಲ.

ಮನೆಯ ಮುಂದೆ ಯಾರೂ ಇರಲಿಲ್ಲ. ಹುಳದ ಮನೆಯ ಪಕ್ಕದ ನೆರಳಿನಲ್ಲಿ ಆ ಹೆಂಗಸು ಕೂತು ಸೊಪ್ಪು ಬಿಡಿಸುತ್ತಿದ್ದರು.

"ಏನ್ ಡಾಕ್ಟ್ರಮ್ಮ, ಇಲ್ಲಿಗಂಟ ಬಂದುಬಿಟ್ರಿ?" ಎಂದು ಎದ್ದು ನಿಂತರು.

ನಾನು ಬಾಯಿ ಬಿಡುವ ಮೊದಲು ಅವರ ಹಣೆ, ಕತ್ತು ಮುಟ್ಟಿ ನೋಡಿದೆ. ತಣ್ಣಗಿತ್ತು. ಅಷ್ಟರಲ್ಲಿ ಗಂಡ ಒಳಗಿನಿಂದ ಬಂದರು.

"ಜ್ವರ ಅಂದ್ರಲ್ಲ, ನಾಲ್ಕನೇದು ಅಂದ್ರಲ್ಲ," ಎಂದೆ.

ಅವರು ನನ್ನ ಮುಖ ನೋಡಿದರು, ಸಿಸ್ಟರ್ ಕೈಯಲ್ಲಿದ್ದ ಡ್ರಿಪ್ ಬಾಟಲಿ ನೋಡಿದರು, ತಲೆ ಮೇಲೆ ಕೈ ಇಟ್ಟುಕೊಂಡರು. "ಅಯ್ಯೋ ಶಿವನೇ. ಜ್ವರ ಇವಳಿಗಲ್ಲ ಕಣಮ್ಮ, ಹುಳಕ್ಕೆ. ನಾಲ್ಕನೇ ಜ್ವರಕ್ಕೆ ಕೂತವೆ. ಈ ಚಳಿಗೆ ಇನ್ನೂ ಎದ್ದಿಲ್ಲ. ನಾಳೆ ಎದ್ದೇಳ್ತವೆ, ಎದ್ದ ತಕ್ಷಣ ಸೊಪ್ಪು ಹಾಕ್ಬೇಕಲ್ಲ, ಅದಕ್ಕೇ ಬರಕ್ಕಾಗಲ್ಲ ಅಂದೆ."

ರೇಷ್ಮೆ ಹುಳ ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವ ಮುಂಚೆ ಮೇವು ಬಿಟ್ಟು, ತಲೆಯೆತ್ತಿ ಅಲುಗಾಡದೆ ಕೂರುತ್ತದೆ. ಅದಕ್ಕೆ ಈ ಸೀಮೆಯಲ್ಲಿ ಜ್ವರ ಎನ್ನುತ್ತಾರೆ. ನಮ್ಮ ಗೌರಿಬಿದನೂರಿನ ಮನೆಯಲ್ಲಿ ಬೆಳೆಯುತ್ತಿದ್ದದ್ದು ಕಡಲೆಕಾಯಿ, ಜೋಳ. ಹಾಗಿದ್ದರೂ ಆ ಮಾತು ನನ್ನ ಕಿವಿಗೆ ಬಿದ್ದಿರಲಿಲ್ಲವೆಂದಲ್ಲ, ಹೆದರಿಕೆಯಲ್ಲಿ ನೆನಪಿಗೆ ಬರಲಿಲ್ಲ. ಇನ್ನು 'ಎದ್ದಿಲ್ಲ' ಎನ್ನುವ ಮಾತಿಗೆ ಮನುಷ್ಯ, ಹುಳ ಎಂಬ ಭೇದ ನಮ್ಮ ಭಾಷೆಯಲ್ಲೇ ಇಲ್ಲ. ಮಂಗಳೂರಿನ ಸಿಸ್ಟರ್ ಪಾಪ ಕೇಳಿದ್ದನ್ನು ಕೇಳಿದ ಹಾಗೇ ಹೇಳಿದ್ದರು. ಅವರು ಡ್ರಿಪ್ ಬಾಟಲಿ ಹಿಡಿದುಕೊಂಡೇ ಜಗಲಿಯ ಮೇಲೆ ಕುಸಿದು ಕೂತು ನಗತೊಡಗಿದರು. ನನಗೆ ಮಾತ್ರ ಸಿಟ್ಟು ನೆತ್ತಿಗೇರಿತು.

"ನಗಬೇಡಿ ಸಿಸ್ಟರ್. ಜೀವ ಬಾಯಿಗೆ ಬಂದಿತ್ತು ನನಗೆ," ಎಂದು ಬೈದೆ.

"ಬಂದದ್ದು ಬಂದ್ರಿ, ಹುಳ ನೋಡ್ಕೊಂಡು ಹೋಗಿ," ಎಂದು ಆ ಹೆಂಗಸು ನನ್ನನ್ನು ಸಮಾಧಾನ ಮಾಡುವವರಂತೆ ಕೈ ಹಿಡಿದರು.

ಹುಳದ ಮನೆಗೆ ಹೊರಗಿನ ಕಾಲು ಹಾಗೇ ಹೋಗುವಂತಿಲ್ಲ. ರೋಗ ಒಳಗೆ ಬಾರದಿರಲೆಂದು ಬಾಗಿಲಲ್ಲಿ ಅಗಲದ ಬೋಗುಣಿಯಲ್ಲಿ ಬ್ಲೀಚಿಂಗ್ ಪೌಡರ್ ಕಲಸಿದ ನೀರಿಟ್ಟಿರುತ್ತಾರೆ, ಚಪ್ಪಲಿ ಬಿಟ್ಟು ಅದರಲ್ಲಿ ಕಾಲು ಅದ್ದಿ ಹೋಗಬೇಕು. ನಾನು ಅದ್ದಿದೆ. ಚಳಿಗೆ ಒಡೆದಿದ್ದ ಹಿಮ್ಮಡಿ ಚುರ್ರೆಂದಿತು, ಹಲ್ಲು ಕಚ್ಚಿದೆ. ಹಿಂದೆಯೇ ಆಕೆ ಸೀರೆ ನೆರಿಗೆ ಎತ್ತಿ ಕಾಲಿಟ್ಟರು. ಬಲಗಾಲಿನ ಹೆಬ್ಬೆರಳ ಕೆಳಗಿನಿಂದ ಅಂಗಾಲಿನ ಅರ್ಧದವರೆಗೆ ಚರ್ಮ ಸುಲಿದು ಕೆಂಪಗಿತ್ತು. ಒಡೆದ ಬೊಬ್ಬೆ, ಹಸಿ ಸುಟ್ಟ ಗಾಯ. ಅದನ್ನು ಆ ಬ್ಲೀಚಿಂಗ್ ನೀರಿನಲ್ಲಿಟ್ಟುಕೊಂಡು ಆಕೆ ನನ್ನ ಜೊತೆ ಸೊಪ್ಪಿನ ವಿಷಯ ಮಾತಾಡುತ್ತಿದ್ದರು. ಹುಬ್ಬು ಕೂಡ ಅಲುಗಲಿಲ್ಲ.

ವ್ಯಾನಿನಲ್ಲಿ ಪಟ್ಟ ಹೆದರಿಕೆಯೆಲ್ಲ ಇದರ ಮುಂದೆ ಏನೂ ಅಲ್ಲ ಎನಿಸಿತು.

"ಅಮ್ಮ, ಕಾಲು ತೆಗೀರಿ."

"ಯಾಕೆ?"

"ಮೊದಲು ತೆಗೀರಿ ಅಂದೆ."

ಜಗಲಿಯ ಮೇಲೆ ಕೂರಿಸಿ ಶುದ್ಧ ನೀರಲ್ಲಿ ತೊಳೆದೆ. ಆಕೆ ಆಗ ತಾನೇ ನೋಡಿದವರಂತೆ ಕಾಲು ನೋಡಿಕೊಂಡರು. ಚಳಿಗೆ ಹುಳದ ಮನೆಯಲ್ಲಿ ಇದ್ದಲ ಒಲೆ ಇಟ್ಟಿದ್ದರು. ಬೆಳಿಗ್ಗೆ ಅದರಿಂದ ಬಿದ್ದ ಕೆಂಡವನ್ನು ಎಲ್ಲೋ ಮೆಟ್ಟಿರಬೇಕು ಎಂದರು ಗಂಡ. ಸುಟ್ಟ ವಾಸನೆ ಬಂತು, ಸೊಪ್ಪಿನ ಕಡ್ಡಿ ಇರಬೇಕು ಅಂದುಕೊಂಡೆ ಎಂದರು ಹೆಂಡತಿ. ಅದನ್ನು ಕೇಳಿ ಸಿಸ್ಟರ್ ಮುಖ ತಿರುಗಿಸಿಕೊಂಡರು.

ನನ್ನ ಚೀಲದಿಂದ ಹತ್ತಿ ತೆಗೆದು ಎಳೆ ಹೊಸೆದೆ. "ಕಣ್ಣು ಮುಚ್ಚಿ. ಮುಟ್ಟಿದಾಗ ಹೇಳಿ."

ಎಡಗಾಲಿನ ಹೆಬ್ಬೆರಳು ಮುಟ್ಟಿದೆ. "ಗೊತ್ತಾಯ್ತು," ಎಂದರು. ಎರಡನೆಯ ಬೆರಳು ಮುಟ್ಟಿದೆ. "ಗೊತ್ತಾಯ್ತು." ಮೂರನೆಯದಕ್ಕೆ ಕೈ ಚಾಚಿ, ಮುಟ್ಟದೆ ನಿಲ್ಲಿಸಿದೆ.

"ಗೊತ್ತಾಯ್ತು," ಎಂದರು.

ಆಕೆ ಕಣ್ಣು ಬಿಟ್ಟರು. ನನ್ನ ಕೈ ಅವರ ಕಾಲಿನಿಂದ ಒಂದು ಗೇಣು ದೂರದಲ್ಲಿತ್ತು.

"ಎಷ್ಟು ದಿನದಿಂದ?" ಎಂದೆ.

"ಮೊದಲನೇ ಸುತ್ತಿಂದ್ಲೇ. ಕಾಲಿಗೆ ಕಂಬಳಿ ಸುತ್ತಿದಂಗೆ ಇರ್ತದೆ. ಬೆರಳ ತುದಿಗೂ ಬಂದದೆ. ರಾತ್ರಿ ಹೊತ್ತು ಉರಿ."

"ಮತ್ತೆ ಪ್ರತಿ ಸಲ ಸರಿಯಾಗಿ ಹೇಗೆ ಹೇಳ್ತಿದ್ರಿ?"

"ನೀವು ಒಂದೇ ಸಮ ಮುಟ್ಟಿಕೊಂಡು ಹೋಗ್ತೀರ ಡಾಕ್ಟ್ರಮ್ಮ. ಗಡಿಯಾರದಂಗೆ. ಅಂದಾಜಿನ ಮೇಲೆ ಹೇಳ್ತಿದ್ದೆ."

ನನಗೆ ರೇಗಿತು. ಹೇಳಿ ಅಂತ ಕೈಮುಗಿದು ಕೇಳಿಕೊಂಡಿದ್ದೆನಲ್ಲ, ಯಾಕೆ ಬಚ್ಚಿಟ್ಟಿರಿ ಎಂದು ಜಗಲಿ ಹಾರಿಹೋಗುವಂತೆ ಕೂಗಾಡಿದೆ. ಆಕೆ ಮೆಲ್ಲಗೆ ಹೇಳಿದರು.

"ನೀವು ಸೂಜಿ ಹಿಡಿದಾಗಲೆಲ್ಲ ಉಸಿರು ಬಿಗಿ ಹಿಡೀತಿದ್ರಿ. ಹೊರಗೆ ಹೋಗಿ ಗೋಡೆಗೆ ಒರಗಿ ನಿಲ್ತಿದ್ರಿ, ಕಿಟಕೀಲಿ ಕಾಣ್ತಿತ್ತು. ಏನೂ ಆಗದಿದ್ದಾಗಲೇ ಇಷ್ಟು ಹೆದರೋರು, ಕಾಲು ಸತ್ತೋಗ್ಯದೆ ಅಂದ್ರೆ ಇನ್ನೊಂದು ಇಂಜೆಕ್ಷನ್ ಕೊಡ್ತಾರಾ ಅನ್ನಿಸ್ತು. ಕೊಡದೆ ಇದ್ರೆ ನಾನು ಸಾಯ್ತೀನಿ. ಸಾಯೋದು ನಂಗೆ ಇಷ್ಟ ಇಲ್ಲ ಡಾಕ್ಟ್ರಮ್ಮ."

ಗಾಯಕ್ಕೆ ಪಟ್ಟಿ ಕಟ್ಟಿದೆ. ಹುಳದ ಮನೆಯೊಳಗೆ ಹೋಗಲೇ ಇಲ್ಲ. ನಾಳೆ ಇಂಜೆಕ್ಷನ್ ಬೇಡ, ಕಾಲಿಗೆ ಚಪ್ಪಲಿಯಿಲ್ಲದೆ ಒಂದು ಹೆಜ್ಜೆಯೂ ಇಡಬೇಡಿ ಎಂದು ಹೇಳಿ ಹೊರಟುಬಿಟ್ಟೆ.

ಸಂಜೆ ತಜ್ಞರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವರು ಬಹಳ ಹೊತ್ತು ಪ್ರಶ್ನೆ ಕೇಳಿದರು. ಎಲ್ಲಿಯ ತನಕ ಮರಗಟ್ಟಿದೆ, ಉರಿ ಎಷ್ಟಿದೆ, ಗುಂಡಿ ಹಾಕಿಕೊಳ್ಳಲು ಆಗುತ್ತದೆಯೇ, ನಡಿಗೆ ಹೇಗಿದೆ. ಕೊನೆಗೆ ಎರಡು ದಾರಿ ಮುಂದಿಟ್ಟರು. ಪ್ರಮಾಣ ಒಂದು ಮೆಟ್ಟಿಲು ಇಳಿಸಿ ಬಿಡದೆ ಮುಂದುವರಿಸುವುದು ಒಂದು. ಪೂರ್ತಿ ನಿಲ್ಲಿಸಿ, ನರ ತಣ್ಣಗಾಗುವ ತನಕ ಕಾದು, ಆಮೇಲೆ ಇನ್ನೂ ಕಡಿಮೆ ಪ್ರಮಾಣದಲ್ಲಿ ವಾರಕ್ಕೊಂದೇ ಕೊಡುವುದು ಇನ್ನೊಂದು. ಮೊದಲನೆಯದರಲ್ಲಿ ಕ್ಯಾನ್ಸರ್ ಹಿಡಿತದಲ್ಲಿರುತ್ತದೆ, ಕೈಕಾಲು ಶಾಶ್ವತವಾಗಿ ಹೋಗಬಹುದು. ಎರಡನೆಯದರಲ್ಲಿ ನರ ಉಳಿಯಬಹುದು, ಕಾಯುವಾಗ ಕ್ಯಾನ್ಸರ್ ಮತ್ತೆ ತಲೆಯೆತ್ತಿ ಮೂತ್ರಪಿಂಡವನ್ನು ಮುಗಿಸಬಹುದು.

"ನೀವು ಏನು ಹೇಳ್ತೀರಿ ಸರ್?"

"ಕಾಲು ನೋಡಿದವರು ನೀವು. ಸುಟ್ಟಿದ್ದು ಗೊತ್ತಾಗಲಿಲ್ಲ ಎಂದಮೇಲೆ ನಾನಾದರೆ ನಿಲ್ಲಿಸುತ್ತಿದ್ದೆನೇನೋ. ಆದರೆ ಔಷಧಿ ಇಷ್ಟು ಚೆನ್ನಾಗಿ ನಾಟಿರುವಾಗ ನಿಲ್ಲಿಸಿ ಎನ್ನಲು ನನಗೂ ಧೈರ್ಯ ಸಾಲದು. ಯೋಚಿಸಿ ಹೇಳಿ, ನಿಮ್ಮ ಜೊತೆ ನಾನಿರುತ್ತೇನೆ."

ಅತ್ತ ದರಿ, ಇತ್ತ ಪುಲಿ. ಮೊದಲು ನನಗೆ ನಾನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿತ್ತು. ನಿಲ್ಲಿಸಬೇಕು ಎನಿಸುತ್ತಿರುವುದು ಆಕೆಯ ನರಗಳಿಗಾಗಿಯೋ, ಅಥವಾ ಸೂಜಿ ಕೆಳಗಿಡಲು ನನಗೊಂದು ನೆಪ ಸಿಕ್ಕಿತೆಂದೋ? ಆಕೆ ಊಹಿಸಿದ್ದು ಸುಳ್ಳೇನಲ್ಲ. ಮೊದಲ ವಾರದಲ್ಲೇ ಕಾಲು ಮರಗಟ್ಟಿದೆ ಎಂದಿದ್ದರೆ ನಾನು ಕಣ್ಣು ಮುಚ್ಚಿ ನಿಲ್ಲಿಸುತ್ತಿದ್ದೆ, ಆ ಪ್ರೋಟೀನು ಅರ್ಧಕ್ಕಿಳಿಯುತ್ತಲೇ ಇರಲಿಲ್ಲ. ಹಾಗೆಂದು ಈಗ ಧೈರ್ಯ ತೋರಿಸಲು ಹೋಗಿ ಕೊಡುತ್ತಾ ಹೋಗುವುದೂ ನನ್ನ ಹೆದರಿಕೆಯದೇ ಇನ್ನೊಂದು ವೇಷ. ನರದ ಕೋಶ ಒಡೆದರೆ ಬದಲಿಗೆ ಇನ್ನೊಂದು ಹುಟ್ಟುವುದಿಲ್ಲ. ರಕ್ತದ ಕಣ ಮತ್ತೆ ಹುಟ್ಟುತ್ತದೆ, ಅದಕ್ಕೆ ಕಾಯಬಹುದು. ಬೆನ್ನುಹುರಿಯ ಪಕ್ಕದ ನರದ ಗಂಟಿನಿಂದ ಅಂಗಾಲಿನ ತನಕ ಎಳೆ ಚಾಚಿಕೊಂಡಿರುವ ನರಕ್ಕೆ ಆ ಸೌಲಭ್ಯವಿಲ್ಲ. ಅದರೊಳಗೆ ಗುರುತು ಹೊತ್ತ ಕಸ ರಾಶಿ ಬೀಳುತ್ತಿದೆ. ಒಂದು ಸಲ ಕಸ ತೆಗೆಯಲು ಬಿಡದಿದ್ದರೆ ಮುಂದೆ ಏನು ಕೊಟ್ಟರೂ ಅಷ್ಟೇ.

ಎರಡು ದಿನ ಬಿಟ್ಟು, ಹುಳ ಎದ್ದು ಸೊಪ್ಪು ಹಾಕಿದ ಮೇಲೆ, ಗಂಡ ಹೆಂಡತಿಯನ್ನು ಕರೆಸಿ ಎರಡೂ ದಾರಿ ಹೇಳಿದೆ. ನನ್ನ ತೀರ್ಮಾನ ನಿಲ್ಲಿಸಿ ಕಾಯುವುದು ಎಂದೆ. ಕಾಯುವಾಗ ವಾರವಾರವೂ ರಕ್ತ ನೋಡುತ್ತೇನೆ, ಪ್ರೋಟೀನು ಏರತೊಡಗಿದರೆ ನರ ಹೇಗೇ ಇರಲಿ ಕೊಡುತ್ತೇನೆ ಎಂದೂ ಮಾತು ಕೊಟ್ಟೆ.

"ನಿಜವಾಗ್ಲೂ ಕೊಡ್ತೀರಾ?" ಎಂದು ಆಕೆ ಕೇಳಿದರು.

"ಕೊಡ್ತೀನಿ. ಆದರೆ ನೀವು ನಿಜ ಹೇಳ್ಬೇಕು. ನೀವು ಸುಳ್ಳು ಹೇಳಿದ್ರೆ ನಾನು ಕತ್ತಲಲ್ಲಿ ಸೂಜಿ ಚುಚ್ಚಿದ ಹಾಗೆ."

ಆಕೆ ತಲೆಯಾಡಿಸಿದರು. ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ.

ಆ ಕಾಯುವ ದಿನಗಳಷ್ಟು ಕೆಟ್ಟ ದಿನಗಳನ್ನು ನಾನು ಕಂಡಿಲ್ಲ. ಏನಾದರೂ ಮಾಡುತ್ತಿರುವಾಗಿನ ಹೆದರಿಕೆ ಹೇಗೋ ಸಹಿಸಬಹುದು, ಸುಮ್ಮನೆ ಕೂತಿರುವಾಗಿನದು ಸಹಿಸಲಾಗದು. ಬೆಂಗಳೂರಿನ ಲ್ಯಾಬಿನ ಫೋನ್ ಬಂದರೆ ಸಿಸ್ಟರ್ ಕೈಗೆ ಕೊಡುತ್ತಿದ್ದೆ, ಅವರು ಕೇಳಿಕೊಂಡು ನನ್ನ ಕಡೆ ತಿರುಗುವ ತನಕ ಅವರ ಬೆನ್ನನ್ನೇ ನೋಡುತ್ತಿದ್ದೆ. ಮೊದಲ ವಾರ ಏರಲಿಲ್ಲ. ಮುಂದಿನ ವಾರವೂ ಇಲ್ಲ. ಸುಟ್ಟ ಗಾಯ ಮಾಯುತ್ತಾ ಬಂತು, ರಾತ್ರಿಯ ಉರಿ ಕಡಿಮೆಯಾಯಿತು. ಒಂದು ವಾರ ಪ್ರೋಟೀನು ಕೂದಲೆಳೆಯಷ್ಟು ಮೇಲಕ್ಕೆ ಹೋಯಿತು. ತಜ್ಞರು, ಅದು ಯಂತ್ರದ ಹೆಚ್ಚುಕಮ್ಮಿಯೂ ಇರಬಹುದು, ಆದರೆ ಇನ್ನು ಕಾಯಬೇಡಿ ಎಂದರು.

ಹೊಸ ಶೀಶೆ ಬಂತು. ಪ್ರಮಾಣ ಮೊದಲಿನ ಅರ್ಧಕ್ಕಿಂತ ತುಸು ಹೆಚ್ಚು, ವಾರಕ್ಕೊಂದೇ. ಆಕೆ ಬೆಳಿಗ್ಗೆ ಬಂದರು, ಕಾಲಿಗೆ ಮುಚ್ಚಿದ ಚಪ್ಪಲಿ. ಮಲಗಿಸಿ ಹತ್ತಿ ತೆಗೆದೆ. ಈ ಸಲ ತಾಳ ತಪ್ಪಿಸಿ, ಒಮ್ಮೆ ಬೇಗ, ಒಮ್ಮೆ ತಡವಾಗಿ ಮುಟ್ಟುವುದೆಂದು ನಿಶ್ಚಯಿಸಿದ್ದೆ.

ಹೆಬ್ಬೆರಳು ಮುಟ್ಟಿದೆ. ಆಕೆ ಕಣ್ಣು ಮುಚ್ಚಿಯೇ ಇದ್ದರು. ತುಟಿ ಅಲುಗಿತು, ಮಾತು ಬರಲಿಲ್ಲ. ಮತ್ತೆ ಮುಟ್ಟಿದೆ.

"ಇಲ್ಲ," ಎಂದರು. ಆ ಮಾತು ಹೇಳಲು ಅವರಿಗೆ ಎಷ್ಟು ಕಷ್ಟವಾಯಿತೆಂದು ಮುಚ್ಚಿದ ರೆಪ್ಪೆಯ ಅಂಚಿನಲ್ಲಿ ಕಾಣಿಸುತ್ತಿತ್ತು.

ಅಂಗಾಲು ಮುಟ್ಟಿದೆ. "ಇಲ್ಲ." ಹಿಮ್ಮಡಿ. "ಇಲ್ಲ ಡಾಕ್ಟ್ರಮ್ಮ." ಪಾದದ ಮೇಲಿನ ಹರಡು ಮುಟ್ಟಿದೆ. ಸ್ವಲ್ಪ ತಡೆದು, "ಹ್ಞಾಂ. ಇಲ್ಲಿ ಅದೆ," ಎಂದರು. ಕೈಬೆರಳ ತುದಿ ಮುಟ್ಟಿದೆ. "ಮಂಕಾಗಿ ಅದೆ. ಇಲ್ಲ ಅನ್ನಂಗಿಲ್ಲ." ಹತ್ತಿ ಎತ್ತಿಕೊಂಡು ಸುಮ್ಮನೆ ನಿಂತೆ. ಆಕೆಯೂ ಸುಮ್ಮನಿದ್ದರು, ನಾನು ಮುಟ್ಟದಿದ್ದಾಗ ಒಂದು ಮಾತೂ ಆಡಲಿಲ್ಲ.

ಕಣ್ಣು ಬಿಟ್ಟು ನನ್ನ ಮುಖವನ್ನೇ ನೋಡಿದರು. ಇಷ್ಟೊಂದು ಇಲ್ಲ ಎಂದಮೇಲೆ ಇವಳು ಕೊಡುತ್ತಾಳೋ ಇಲ್ಲವೋ ಎಂಬುದೊಂದೇ ಆ ಕಣ್ಣಲ್ಲಿತ್ತು. ನಾನು ಸಿರಿಂಜು ಎತ್ತಿಕೊಂಡೆ. ಸೂಜಿ ನಾಳದಲ್ಲಿದೆಯೆಂದು ರಕ್ತ ಎಳೆದು ನೋಡಿದೆ.

"ಕೈ ನಡುಗ್ತಾ ಅದೆ ನಿಮ್ದು," ಎಂದರು.

"ಹೌದಮ್ಮ. ಹೆದರಿಕೆ ಆಗ್ತಿದೆ."

"ನಂಗೂ ಆಗ್ತದೆ," ಎಂದು ಇನ್ನೊಂದು ಕೈಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡರು. "ಹಾಕಿ."

ಹಾಕಿದೆ.